ಸಣ್ಣೋಬನ ಮೂರೆಳೆ ಹಗ್ಗ

“ಕೇಳ್ರಪ್ಪೋ ಕೇಳಿ! ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದನ್ನು ಕೊಡುತ್ತೇವೆ. ತಪ್ಪು ಹೇಳಿದವನಿಗೆ ಹುಣ್ಣಿಮೆಯ ದಿನ ನೇಣು! ಇದಕ್ಕೆ ನಮ್ಮ ಮುದ್ರೆಯೇ ಸಾಕ್ಷಿ!”

ಹೀಗೆ ಡಂಗುರ ಹೊಡೆಸಿದವನು ಗಜಾಂಕಪುರದ ರಾಜ ಮಹಾಭುಜ. ಸಾಮಾನ್ಯನೇ ಅವನು? ಮೀಸೆ ಸಭೆಗೆ ಬಂದು ಅರ್ಧ ಗಳಿಗೆಯಾದ ಮೇಲೆ ತಾನು ಬರುತ್ತಿದ್ದ. ಬುದ್ಧಿಯಂತೂ ಇನ್ನೂ ದಾರಿಯಲ್ಲೇ ಇತ್ತು. ಅಮೆರಿಕದ ಹಡಗಿನ ನಾವಿಕನೊಬ್ಬ ಬಂದು, “ನಮ್ಮಲ್ಲಿ ರಾಜನೇ ಇಲ್ಲ, ಆದರೂ ದೇಶ ನಡೆಯುತ್ತದೆ. ಹೇಗೆ ಹೇಳಿ” ಎಂದು ಮೂರು ಒಗಟು ಒಡ್ಡಿದಾಗ ರಾಜನ ಮೀಸೆ ಜೋತುಬಿದ್ದಿತ್ತು. ಅದಕ್ಕೇ ಈ ಡಂಗುರ.

ಹಗ್ಗ ಹೊಸೆಯುವ ಸಣ್ಣೋಬನಿಗೆ ಒಗಟಿನ ಗೊಡವೆ ಬೇಕಿರಲಿಲ್ಲ. ಆದರೆ ಅವನ ಹಗ್ಗವೆಲ್ಲ ನೇಣಿಗೆಂದು ಅರಮನೆಯ ಉಗ್ರಾಣ ಸೇರಿ, ಊರ ಬಾವಿಯಲ್ಲಿ ಕೊಡ ಇಳಿಯದಾಗಿತ್ತು. ಈಗ ಸೋತವರ ಕುತ್ತಿಗೆಯ ಅಳತೆ ತೆಗೆಯುವ ಕೆಲಸವೂ ಅವನದೇ. ‘ಇಷ್ಟು ದಪ್ಪ ಕುತ್ತಿಗೆ, ಇಷ್ಟು ಹಗುರ ತಲೆ! ಇವಕ್ಕೆ ನನ್ನ ಹಗ್ಗ ದಂಡ’ ಎಂದುಕೊಂಡ.

ತುಂಬಿದ ಸಭೆಯಲ್ಲಿ ನಾವಿಕ ಮೊದಲ ಒಗಟು ಕೇಳಿದ: “ಆಳುವವನನ್ನೇ ಆಳುತ್ತದೆ. ಬಾಯಿಲ್ಲ, ಕತ್ತಿಯಿಲ್ಲ. ಏನದು?”

“ರಾಣಿಯಮ್ಮ!” ಎಂದ ಆಸ್ಥಾನ ಪಂಡಿತ.

“ನನಗೆ ಬಾಯಿಲ್ಲವೇನೋ?” ಎಂದು ರಾಣಿ ಗದರಿದ್ದು ಮೂರು ಊರಿಗೆ ಕೇಳಿಸಿತು. ಪಂಡಿತ ಸಣ್ಣೋಬನ ಮುಂದೆ ಅಳತೆಗೆ ಬಂದು ನಿಂತ.

ನಾವಿಕ ಎರಡನೆಯದನ್ನು ಕೇಳಿದ: “ಮೂವರು ಒಬ್ಬರನ್ನೊಬ್ಬರು ಜಗ್ಗುತ್ತಾರೆ. ಜಗ್ಗಿದಷ್ಟೂ ಮನೆ ಗಟ್ಟಿ.”

“ಮೂವರು ಸವತಿಯರು!” ಎಂದ ಸೇನಾಪತಿ. ಅವನ ಕುತ್ತಿಗೆಯ ಸುತ್ತಳತೆ ಎರಡೂವರೆ ಗೇಣು.

ಸಣ್ಣೋಬ ಕಿಸಕ್ಕನೆ ನಕ್ಕ.

“ನಗ್ತೀಯೇನೋ ನಾರು ಹೊಸೆಯುವವನೇ? ಮೂರಕ್ಕೂ ನೀನೇ ಹೇಳು. ತಪ್ಪಿದರೆ ನಿನ್ನ ಹಗ್ಗ ನಿನಗೇ!” ಎಂದು ರಾಜ ಗುಡುಗಿದ.

ಸಣ್ಣೋಬ ಕೈಯಲ್ಲಿದ್ದ ಹಗ್ಗವನ್ನು ತಡವಿಕೊಂಡ. “ಎರಡನೆಯದು ಇದೇ ಅಲ್ಲವೇ ಸ್ವಾಮಿ? ಮೂರು ಎಳೆ, ಒಂದೊಂದೂ ಬಿಚ್ಚಿಕೊಳ್ಳಲು ಹವಣಿಸುತ್ತದೆ, ಉಳಿದೆರಡು ಬಿಡುವುದಿಲ್ಲ. ರಾಜ್ಯಭಾರವೂ ಹಾಗೇ: ಕಾನೂನು ಮಾಡುವವ, ನಡೆಸುವವ, ತಪ್ಪೋ ಸರಿಯೋ ನೋಡುವವ ಬೇರೆ ಬೇರೆ ಇದ್ದರೆ ಯಾರೂ ಕೊಬ್ಬುವುದಿಲ್ಲ. ಇಲ್ಲಿ ಮೂರೂ ನೀವೇ. ಒಂದೇ ಎಳೆ ಎಷ್ಟು ದಪ್ಪವಿದ್ದರೇನು, ಹಗ್ಗವಾಗುವುದಿಲ್ಲ.”

ನಾವಿಕ ತಲೆಯಾಡಿಸಿ ಮೂರನೆಯದನ್ನು ಕೇಳಿದ: “ಒಬ್ಬನ ತಲೆಯ ಮೇಲೆ ಎರಡು ಸರ್ಕಾರ, ಯಾವುದೂ ಇನ್ನೊಂದರ ಆಳಲ್ಲ. ಹೇಗೆ?”

“ನಮ್ಮಲ್ಲೂ ಹಾಗೇ” ಎಂದ ಸಣ್ಣೋಬ. “ಊರ ಬಾವಿಯ ಸರದಿ ಊರಿನದು, ಏಳೂರ ಕೆರೆಯ ತೂಬು ಏಳೂರವರ ಕೂಟದ್ದು. ಅವರು ಬಾವಿಗೆ ಇಣುಕುವುದಿಲ್ಲ, ನಾವು ಒಬ್ಬರೇ ತೂಬು ಎತ್ತುವುದಿಲ್ಲ. ನಿಮ್ಮಲ್ಲಿ ರಾಜ್ಯಗಳಿಗೆ ಅವುಗಳ ಕೆಲಸ, ಒಕ್ಕೂಟಕ್ಕೆ ಅದರ ಕೆಲಸ ಇರಬೇಕು.”

“ಸರಿ! ಇನ್ನು ಮೊದಲನೆಯದು?”

“ಜನರೆಲ್ಲ ಸೇರಿ ಬರೆದಿಟ್ಟ ಕಟ್ಟಳೆ. ಆಳುವವನೂ ಅದರ ಕೆಳಗೇ.”

“ಅದೇ ನಮ್ಮ ಸಂವಿಧಾನ!” ಎಂದ ನಾವಿಕ.

“ರಾಜನಿಗಿಂತ ಮೇಲೆ ಒಂದು ಬರೆಹವೇ? ಏರಿಸಿ ಇವನನ್ನು ಗಲ್ಲಿಗೆ!” ಎಂದು ರಾಜ ಅರಚಿದ.

ಡಂಗುರ ಸಾರಿದ್ದ ತಳವಾರ ಅದರ ಓಲೆ ಬಿಚ್ಚಿ ನಿಧಾನವಾಗಿ ಓದಿದ. “ಪ್ರಭು, ಸರಿ ಹೇಳಿದವನಿಗೆ ನೇಣು ಎಂದು ಇದರಲ್ಲಿಲ್ಲ. ಮುದ್ರೆ ತಮ್ಮದೇ.”

ಬಾಯಿಲ್ಲದ, ಕತ್ತಿಯಿಲ್ಲದ ಆ ಓಲೆಯ ಮುಂದೆ ಮಹಾಭುಜ ತಲೆ ಬಾಗಿಸಿದ. “ಬೇಡಿಕೋ” ಎಂದು ಗೊಣಗಿದ.

“ಉಗ್ರಾಣದ ಹಗ್ಗವೆಲ್ಲ ನಮ್ಮ ಬಾವಿಗೆ ಬೇಕು. ಇನ್ನು ಮುಂದೆ ಹೊಸೆಯುವುದೂ.”

ಹುಣ್ಣಿಮೆ ಬಂತು. ನೇಣಿಗೆ ಒಂದು ಗೇಣು ಹಗ್ಗವೂ ಸಿಗದೆ ದಪ್ಪ ಕುತ್ತಿಗೆಗಳೆಲ್ಲ ಮನೆಗೆ ಹೋದವು. ದಾರಿಯಲ್ಲಿ ಬಾಯಾರಿ ಬಾವಿಕಟ್ಟೆಗೆ ಬಂದ ಪಂಡಿತನಿಗೆ ಸಣ್ಣೋಬ ಹಗ್ಗ ತೋರಿಸಿ, “ಸೇದಿಕೊಳ್ಳಿ ಸ್ವಾಮಿ, ಸರದಿಯಲ್ಲಿ ನಿಂತು” ಎಂದ.