ಸಿಂಹರಾಜನ ದ್ವೀಪಯಾತ್ರೆ

ಕಾಡಿನ ದೊರೆ ಸಿಂಹ, ಸರೋವರದ ನಡುವಿನ ಆಮೆಗಳ ದ್ವೀಪಕ್ಕೆ ಬರುತ್ತೇನೆಂದು ಮಾತು ಕೊಟ್ಟು ಎರಡು ಸಲ ತಪ್ಪಿಸಿತ್ತು. ತಾನು ಅತ್ತ ಹೋದರೆ ಇತ್ತ ಚಿರತೆ ಸಿಂಹಾಸನ ಏರೀತೆಂಬ ಭಯ ಅದಕ್ಕೆ. ಮೂರನೆಯ ಸಲವೂ ರಾಯಭಾರಿ ಕೊಕ್ಕರೆಯೊಂದೇ ಹಾರಿ ಬಂತು. ಆಮೆಗಳು ಮುನಿದರೆ ಸರೋವರದ ಮೀನು ತನಗೆ ದಕ್ಕದೆಂಬ ಚಿಂತೆ ಅದಕ್ಕೆ.

"ಮಹಾರಾಜರಿಗೆ ಹಲ್ಲುನೋವು. ಭೇಟಿ ಮುಂದಕ್ಕೆ ಹೋಗಿದೆ. ದಯವಿಟ್ಟು ಅನ್ಯಥಾ ಭಾವಿಸಬಾರದು," ಎಂದಿತು ಕೊಕ್ಕರೆ.

ದಡದಲ್ಲಿ ನೂರು ಆಮೆಗಳು ತಾವರೆಯ ಹಾರ ಹಿಡಿದು ಬೆಳಗಿನಿಂದ ಸಾಲಾಗಿ ನಿಂತಿದ್ದವು. ಹಾರಗಳನ್ನು ತಿಂದುಬಿಡಿ ಎಂದು ಹಿರಿಯ ಆಮೆ ಅವಕ್ಕೆ ಕಣ್ಸನ್ನೆ ಮಾಡಿತು. ಬಳಿಕ ಕೊಕ್ಕರೆಯತ್ತ ತಿರುಗಿ, "ಒಳ್ಳೆಯದೇ ಆಯಿತು, ರಾಯಭಾರಿಗಳೇ. ನಾವು ನಿಧಾನದವರು. ಮೊದಲ ಸಲದ ಸ್ವಾಗತಕ್ಕೆ ಹೊರಟವರೇ ಇನ್ನೂ ದಡ ಮುಟ್ಟಿಲ್ಲ. ಮಹಾರಾಜರಿಗೆ ಆತುರ ಬೇಡವೆಂದು ತಿಳಿಸಿ," ಎಂದಿತು.

ಅನುಭವಸ್ಥ ಕೊಕ್ಕರೆ ಕಂಡದ್ದನ್ನು ಬಿಟ್ಟು, ಕೇಳಿದ್ದನ್ನಷ್ಟೇ ಸಿಂಹಕ್ಕೆ ಒಪ್ಪಿಸಿತು.

ಸಿಂಹ ಹಲ್ಲುನೋವು ಮರೆತು ಗರ್ಜಿಸಿತು: "ಏನು? ಅಲ್ಲಿ ನನಗಾಗಿ ಯಾರೂ ಕಾಯುತ್ತಿಲ್ಲವೇ? ಈಗಲೇ ದೋಣಿ ತೆಗೆಯಿರಿ! ಆ ಚಿರತೆಯನ್ನೂ ಹತ್ತಿಸಿಕೊಳ್ಳಿ!"