ತುಂಗಿಯ ತುಂಬಿದ ಕೆನ್ನೆ

ಹೊಳೆಯ ಪಕ್ಕದ ಹುಣಸೆ ತೋಪಿನಲ್ಲಿ ಕೋತಿಗಳ ಒಂದು ಗುಂಪಿತ್ತು. ಮಕ್ಕಳೇ, ತಾಯಿ, ಅಜ್ಜಿ, ಮರಿ ಎಂದು ಕೂಡಿ ಬಾಳುವ ಗುಂಪು ಅದಲ್ಲ. ಮನೆಯವರನ್ನು ಬಿಟ್ಟು ಬಂದ ಪಡ್ಡೆಗಳ ಗುಂಪು. ಬೇಲಿಯಾಚೆಯ ಸೀಬೆ ತೋಟಕ್ಕೆ ನುಗ್ಗಿ ಕದಿಯುವುದೇ ಅವರ ಕಸುಬು. ಬಾಯಲ್ಲಿ ಹಣ್ಣಿಟ್ಟುಕೊಂಡೇ ಮಾತಾಡುವುದು ಅವರ ಅಭ್ಯಾಸ. ತಿದ್ದುವವರು ಅಲ್ಲಿ ಯಾರೂ ಇರಲಿಲ್ಲ.

ಗುಂಪಿನ ನಾಯಕ ಕೆಂಚಮಲ್ಲ. ಎಲ್ಲರೂ ಅವನನ್ನು ಅಣ್ಣ ಎಂದೇ ಕರೆಯಬೇಕು.

ಕೋತಿಯ ಕೆನ್ನೆಯೊಳಗೆ ಒಂದು ಚೀಲವಿರುತ್ತದೆ. ಸಿಕ್ಕಿದ್ದನ್ನು ಅದರಲ್ಲಿ ತುಂಬಿಕೊಂಡು ಓಡಿ ಬಂದು, ಆಮೇಲೆ ನಿಧಾನವಾಗಿ ತಿನ್ನುತ್ತದೆ. ಈ ಗುಂಪಿನಲ್ಲಿ ಅದಕ್ಕೂ ಒಂದು ನಿಯಮವಿತ್ತು. ಗಂಡು ಕೋತಿಯ ಕೆನ್ನೆಯಲ್ಲಿದ್ದದ್ದು ಅವನದು. ಹೆಣ್ಣು ಕೋತಿ ಮಾತ್ರ ಅಣ್ಣನ ಮುಂದೆ ಬಾಯಿ ತೆರೆದು ಎಲ್ಲವನ್ನೂ ಉಗುಳಬೇಕು. ಅವನು ಕೊಟ್ಟಷ್ಟು ತಿನ್ನಬೇಕು.

ಇದರಿಂದ ಒಬ್ಬಳಿಗಷ್ಟೇ ವಿನಾಯಿತಿ. ಅವಳೇ ತುಂಗಿ. ಅಣ್ಣನ ಪಕ್ಕದ ಚಪ್ಪಟೆ ಕೊಂಬೆಯ ಮೇಲೆ ಕುಳಿತು ಅವನ ಬೆನ್ನಿನ ಹೇನು ಹೆಕ್ಕುವುದು ಅವಳ ಕೆಲಸ. ಬೆಳಿಗ್ಗೆ ತೋಟಕ್ಕೆ ಎಲ್ಲರಿಗಿಂತ ಮೊದಲು ಇಳಿಯುವವಳೂ ಅವಳೇ. ಅವಳು ಕೂಗಿ ಕರೆದ ಮೇಲೆ ಉಳಿದವರು ಇಳಿಯುತ್ತಿದ್ದರು. ಅವಳ ಕೆನ್ನೆ ಯಾವಾಗಲೂ ಉಬ್ಬಿರುತ್ತಿತ್ತು.

ಆ ಕೆನ್ನೆಯನ್ನು ಕಂಡರೆ ಸಂಪಿ ಎಂಬ ಇನ್ನೊಂದು ಹೆಣ್ಣು ಕೋತಿಗೆ ಮೈಯೆಲ್ಲ ಉರಿಯುತ್ತಿತ್ತು. ಮರ ಹತ್ತುವುದರಲ್ಲಿ ಗಂಡುಗಳೂ ಅವಳಿಗೆ ಸಾಟಿಯಲ್ಲ. ಹತ್ತು ಹಣ್ಣು ತಂದರೆ ಅವಳಿಗೆ ಉಳಿಯುವುದು ಅರ್ಧ ಹಣ್ಣು. ಆ ನಿಯಮ ಮಾಡಿದವರು ಯಾರು ಎಂದು ಅವಳು ಒಂದು ದಿನವೂ ಕೇಳಿಕೊಳ್ಳಲಿಲ್ಲ. ತನ್ನ ಪಾಲನ್ನು ತುಂಗಿಯೇ ತಿನ್ನುತ್ತಿದ್ದಾಳೆ ಎಂದು ಲೆಕ್ಕ ಹಾಕಿದಳು. ತುಂಗಿ ಎಡಗೈಯನ್ನು ತೊಡೆಯ ಕೆಳಗೆ ಮಡಚಿಟ್ಟು ಕೂರುವುದನ್ನೂ ಅವಳು ಗಮನಿಸಿದ್ದಳು. ಎಷ್ಟು ಬಿಂಕ ನೋಡು, ಮಹಾರಾಣಿಯ ಹಾಗೆ ಕೂತಿದ್ದಾಳೆ ಎಂದು ಚಿಕ್ಕವಳಾದ ಚಿಟ್ಟಿಯ ಕಿವಿಯಲ್ಲಿ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಸಂಪಿ ಅಣ್ಣನ ಬಳಿ ಹೋದಳು.

"ಅಣ್ಣಾ, ನಾನು ಹೇಳಬಾರದು. ಆದರೂ ನಿನ್ನ ಮರ್ಯಾದೆಯ ವಿಷಯ. ತುಂಗಿ ನಿನ್ನೆ ಹಳ್ಳ ದಾಟಿ ಆಲದ ಮರದವರ ಜೊತೆ ಕೂತಿದ್ದಳು."

ಅದು ಶುದ್ಧ ಸುಳ್ಳು. ಆಲದ ಮರದವರು ಎದುರು ಗುಂಪಿನವರು. ಗಂಡುಗಳು ಆಗಾಗ ಹಳ್ಳ ದಾಟಿ ಹೋಗಿ, ಬಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು. ಅಣ್ಣ ನಕ್ಕು ಅವರ ಬೆನ್ನು ತಟ್ಟುತ್ತಿದ್ದ. ಹೆಣ್ಣಿನ ಹೆಸರು ಬಂದಾಗ ಅವನು ನಗಲಿಲ್ಲ. ನಿಜವೇ ಎಂದು ವಿಚಾರಿಸಲೂ ಇಲ್ಲ. ನಾಲ್ವರು ಗಂಡುಗಳು ತುಂಗಿಯ ಮೇಲೆ ಬಿದ್ದರು. ಅವಳ ಕಿವಿ ಹರಿಯಿತು. ಯಾರಾದರೂ ತನ್ನ ಪರವಾಗಿ ಒಂದು ಮಾತಾಡುತ್ತಾರೋ ಎಂದು ಅವಳು ಸುತ್ತ ನೋಡಿದಾಗ, ಸಂಪಿ ಮರದ ತೊಗಟೆ ಕೆರೆಯುತ್ತ ಕುಳಿತಿದ್ದಳು. ತುಂಗಿ ಕುಂಟುತ್ತ ಬೇಲಿಯ ಕಡೆ ಹೋದಳು.

ಸಂಜೆ ಚಪ್ಪಟೆ ಕೊಂಬೆ ಸಂಪಿಯದಾಯಿತು. ಅವಳ ಕೆನ್ನೆ ತುಂಬಿತು. ಕೆಳಗಿನಿಂದ ಚಿಟ್ಟಿ ಆ ಕೆನ್ನೆಯನ್ನೇ ನೋಡುತ್ತಿದ್ದಳು. ಹಣ್ಣಿಗಿಂತ ಆ ನೋಟವೇ ಸಂಪಿಗೆ ಹೆಚ್ಚು ರುಚಿಸಿತು.

ಬೆಳಗಾಯಿತು. "ನಡಿ, ಇವತ್ತಿನಿಂದ ಮೊದಲು ಇಳಿಯುವವಳು ನೀನು," ಎಂದ ಅಣ್ಣ. ತೋಟದಲ್ಲಿ ಕಾವಲು ನಾಯಿ ಇದೆಯಲ್ಲ ಎಂದು ಅವಳು ಕೇಳಿದಳು. ಹೆಣ್ಣು ಕೋತಿಯನ್ನು ಕಂಡರೆ ತೋಟದ ನಾಯಿ ಬೊಗಳುವುದಿಲ್ಲ ಎಂದು ಅವನು ಗಂಭೀರವಾಗಿ ಹೇಳಿದ. ಗಂಡುಗಳು ಆಚೆ ತಿರುಗಿ ನಕ್ಕರು.

ಸೀಬೆ ಮರದ ಬುಡದಲ್ಲಿ ಹುರಿದ ಕಡಲೆಕಾಯಿ ರಾಶಿ ಬಿದ್ದಿತ್ತು. ಸುತ್ತ ಕಂಬಿಗಳಿದ್ದವು. ಸಂಪಿ ಅಂಥದ್ದನ್ನು ಎಂದೂ ಕಂಡಿರಲಿಲ್ಲ. ಒಳಗೆ ಕೈ ಚಾಚಿದಳು, ಒಂದು ಹೆಜ್ಜೆ ಇಟ್ಟಳು. ಬೋನಿನ ಬಾಗಿಲು ಹಿಂದೆ ದಡ್ಡನೆ ಬಿತ್ತು.

ಅವಳ ಚೀತ್ಕಾರಕ್ಕೆ ಗುಂಪೆಲ್ಲ ಬೇಲಿಯ ಮೇಲೆ ಬಂದು ಕುಳಿತಿತು. ಅಣ್ಣ ಬೋನನ್ನು ನೋಡಿ ಸ್ವಲ್ಪ ಯೋಚಿಸಿದ.

"ಕೂಗಲಿ ಬಿಡಿ. ತೋಟಗಾರ ಆ ಕಡೆ ಓಡುತ್ತಾನೆ. ನಾವು ಈ ಕಡೆಯಿಂದ ಇಳಿಯೋಣ."

ಅವರು ಹೊರಟರು. ಆಗ ಬೇಲಿಯ ಪೊದೆಯಿಂದ ಹರಿದ ಕಿವಿಯ ತುಂಗಿ ಹೊರಬಂದಳು. ಕಂಬಿಯ ಎದುರು ಕುಳಿತು, ಎಂದೂ ತೋರಿಸದ ಎಡಗೈಯನ್ನು ಮುಂದೆ ಹಿಡಿದಳು. ಮಣಿಕಟ್ಟಿನ ಸುತ್ತ ನಾಯಿ ಕಚ್ಚಿದ ಗುರುತುಗಳಿದ್ದವು. ಕೆಲವು ಹಳೆಯವು, ಒಂದು ಇನ್ನೂ ಹಸಿ.

"ಮೊದಲು ಇಳಿದವಳಿಗೆ ಸಿಗುವುದು ಇದು," ಎಂದಳು.

"ಮತ್ತೆ ಯಾಕೆ ಹೇಳಲಿಲ್ಲ ನೀನು?"

"ನೀವೆಲ್ಲ ನನ್ನ ಕೆನ್ನೆ ನೋಡಿ ಕರುಬುತ್ತಿದ್ದಿರಿ. ಅದು ನನಗೂ ಹಿತವಾಗಿತ್ತು ಕಣೇ."

ತೋಟಗಾರನ ಚಪ್ಪಲಿಯ ಸದ್ದು ಹತ್ತಿರವಾಯಿತು. ತುಂಗಿ ಎರಡೂ ಕೈಗಳಿಂದ ಬಾಗಿಲನ್ನು ಮೇಲೆತ್ತಿದಳು.

"ನಿನ್ನನ್ನು ಕ್ಷಮಿಸಿದೆ ಎಂದುಕೊಳ್ಳಬೇಡ. ನಾಳೆ ಚಿಟ್ಟಿಯನ್ನು ಇಳಿಸುತ್ತಾರೆ. ಹೋಗಿ ಅವಳಿಗೆ ಹೇಳು. ನನ್ನ ಮಾತನ್ನು ಯಾರೂ ನಂಬದ ಹಾಗೆ ಮಾಡಿದ್ದೀಯಲ್ಲ, ನೀನೇ ಹೇಳು."

ಸಂಪಿ ತೋಪಿಗೆ ಓಡಿದಳು. ಚಪ್ಪಟೆ ಕೊಂಬೆಯ ಮೇಲೆ ಆಗಲೇ ಚಿಟ್ಟಿ ಕುಳಿತಿದ್ದಳು. ಸಂಪಿ ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದಳು. ತಾನು ಆಡಿದ ಸುಳ್ಳನ್ನೂ ಬಿಡಲಿಲ್ಲ. ಚಿಟ್ಟಿ ಕೆನ್ನೆಯ ಹಣ್ಣನ್ನು ಈ ಕಡೆಯಿಂದ ಆ ಕಡೆಗೆ ಹೊರಳಿಸಿದಳು.

"ನಿನಗೆ ಹೊಟ್ಟೆಕಿಚ್ಚು, ಅಷ್ಟೆ," ಎಂದಳು.

ನಿನ್ನೆ ತನಗೆ ಯಾರಾದರೂ ಹೀಗೆ ಬುದ್ಧಿ ಹೇಳಿದ್ದರೆ ಸಂಪಿಯೂ ಇದೇ ಮಾತು ಹೇಳುತ್ತಿದ್ದಳು.

ಮರುದಿನ ಬೆಳಕು ಹರಿಯುವ ಮೊದಲೇ ತುಂಗಿ, ಸಂಪಿ ಇಬ್ಬರೂ ತೋಟಗಾರ ಮತ್ತೆ ಹೂಡಿಟ್ಟಿದ್ದ ಬೋನಿನ ಹತ್ತಿರದ ಪೊದೆಯಲ್ಲಿ ಬಂದು ಕುಳಿತರು. ಚಿಟ್ಟಿಯ ಹಿಂದೆ ಬಾಗಿಲು ಬಿದ್ದ ಕೂಡಲೇ ಎತ್ತಲು ಅವರ ನಾಲ್ಕೂ ಕೈಗಳು ಸಿದ್ಧವಾಗಿದ್ದವು.

ನೀತಿ: ಜೊತೆಯವಳ ಜಾಗಕ್ಕೆ ಕರುಬುವ ಮೊದಲು, ಆ ಜಾಗ ಕೊಟ್ಟವನು ಅವಳಿಂದ ಏನು ಕಿತ್ತುಕೊಳ್ಳುತ್ತಿದ್ದಾನೆ ಎಂದು ನೋಡಬೇಕು.