ಮೊಗಗಾಣದ ಬೋರೆ

ಊರ ಹಿಂದಿನ ಹುರುಳಿ ಹೊಲಗಳನ್ನು ದಾಟಿದರೆ ಒಂದು ಬೋಳು ಬೋರೆ ಸಿಗುತ್ತದೆ. ಆಡು ಮೇಯಿಸುವವರನ್ನು ಬಿಟ್ಟರೆ ಅತ್ತ ಹೋಗುವವರು ಕಡಿಮೆ. ನೆತ್ತಿಯ ಮೇಲೆ, ತಂಗಡಿ ಗಿಡಗಳ ನಡುವೆ, ಪಡುವಣಕ್ಕೆ ತಿರುಗಿದ ಒಂದು ವೀರಗಲ್ಲಿದೆ. ಕೆಳಗಿನ ಸಾಲಿನಲ್ಲಿ ಈಟಿ ಹಿಡಿದ ವೀರ, ಅವನ ಹಿಂದೆ ದನಗಳು, ನಡುವೆ ಅವನನ್ನು ಕರೆದೊಯ್ಯುವ ದೇವಕನ್ನಿಕೆಯರು, ಮೇಲೆ ಲಿಂಗ. ಕನ್ನಿಕೆಯರ ಬಳೆ, ದನದ ಕೊರಳ ಗಂಟೆ ಎಲ್ಲವೂ ನಿನ್ನೆ ಕಡೆದಂತಿವೆ. ವೀರನ ಮುಖದ ಜಾಗದಲ್ಲಿ ಮಾತ್ರ ಉಳಿ ತಾಗದ ಬರಿಯ ಕಲ್ಲು. ಯಾರೋ ಒಡೆದು ಹಾಕಿದ್ದಾರೆಂದು ಮರುಗುವವರುಂಟು. ಒಡೆದದ್ದಲ್ಲ, ಕಡೆಯದೆ ಬಿಟ್ಟದ್ದು. ಬೋರೆಗೆ ಈ ಹೆಸರು ಬಂದದ್ದೂ ಅದರಿಂದಲೇ ಎನ್ನುತ್ತಾರೆ.

ಹಿಂದೆ ಒಮ್ಮೆ, ದನ ಹೊಡೆದುಕೊಂಡು ಹೋಗುವುದನ್ನೇ ಯುದ್ಧವೆನ್ನುತ್ತಿದ್ದ ಕಾಲದಲ್ಲಿ, ಈ ಊರಿನಲ್ಲಿ ಬೈಚೋಜನೆಂಬ ಕಲ್ಲುಕುಟಿಗನಿದ್ದನಂತೆ. ಬೇಸಗೆಯಲ್ಲಿ ಪುರುಸೊತ್ತು ಸಿಕ್ಕಾಗ ವೀರಗಲ್ಲುಗಳನ್ನು ಮುಂಚಿತವಾಗಿ ಕಡೆದಿಡುವುದು ಅವನ ಮನೆತನದ ರೂಢಿ. ವೀರರ ಮೈಯೆಲ್ಲ ಒಂದೇ, ಈಟಿಯೂ ಒಂದೇ, ಸೇರುವ ಸ್ವರ್ಗವೂ ಒಂದೇ. ಮುಖವನ್ನಷ್ಟೇ ಸಾವಾದ ಮೇಲೆ, ಸತ್ತವನ ಮನೆಯ ಹೆಂಗಸು ಬಂದು ಒಪ್ಪಿಗೆ ಕೊಟ್ಟ ಮೇಲೆ ಕಡೆಯಬೇಕೆಂದು ಕಟ್ಟಳೆ. ಒಂದು ಬೇಸಗೆ ಹುಣಸೆಮರದ ನೆರಳಲ್ಲಿ ಏನೋ ಯೋಚಿಸುತ್ತ ಕೂತವನ ಕೈ ತಾನಾಗಿ ಮುಖವನ್ನೂ ಕಡೆದುಬಿಟ್ಟಿತು. ನೋಡಿದರೆ ಗೌಡರ ಮನೆಯ ಹಿರಿಮಗನ ಮುಖ. ಮುಂದಿನ ಹುಣ್ಣಿಮೆಯೊಳಗೆ ಆ ಹುಡುಗ ತುರುಗಳ್ಳರ ಈಟಿಗೆ ಬಿದ್ದ. ಮರುವರ್ಷ ಕುರುಬರ ಬೀರನಿಗೂ ಹಾಗೆಯೇ ಆಯಿತು. ಅಲ್ಲಿಂದ ಮುಂದೆ ತಾಯಂದಿರು ಬೈಚೋಜನ ಅಂಗಳ ದಾಟುವಾಗ ಮಕ್ಕಳ ಮುಖಕ್ಕೆ ಸೆರಗು ಮುಚ್ಚತೊಡಗಿದರು. ತಾನು ಕಡೆದದ್ದಕ್ಕೆ ಅವರು ಸತ್ತರೋ, ಅವರು ಸಾಯುವವರಿದ್ದರೆಂದು ತನ್ನ ಕೈ ಕಡೆಯಿತೋ? ಬೈಚೋಜ, ಇನ್ನು ಮುಖದ ತಂಟೆಗೇ ಹೋಗುವುದಿಲ್ಲವೆಂದು ದೇವರ ಮುಂದೆ ಆಣೆ ಮಾಡಿದ.

ಬೈಚೋಜನಿಗೆ ಒಬ್ಬಳೇ ಮಗಳು, ಸೋವಬ್ಬೆ. ಅವಳ ಗಂಡ ಕೇತ ಮನೆಯಳಿಯನಾಗಿ ಬಂದು ಊರ ದನಗಳ ಕಾವಲಿಗೆ ನಿಂತಿದ್ದ. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಅವನ ಎಡಹೆಗಲು ಜೋತುಬಿದ್ದಿತ್ತು. ಆಣೆ ಮಾಡಿದ ಮೇಲಿನ ಮೊದಲ ಕಲ್ಲನ್ನು ಬೈಚೋಜ ಬೋರೆಯ ಮೇಲೆಯೇ ನಿಲ್ಲಿಸಿಕೊಂಡು, ಮೈಯನ್ನಷ್ಟೇ ಕಡೆದು ಮುಗಿಸಿ, ಧೂಳು ಒರೆಸಿ ಹಿಂದೆ ಸರಿದ. ಕಲ್ಲಿನ ವೀರನ ಎಡಹೆಗಲು ಜೋತುಬಿದ್ದಿತ್ತು. ಬೈಚೋಜ ಕಂಬಳಿ ಹೊದಿಸಿ ಕಲ್ಲನ್ನು ಮುಚ್ಚಿದ. ವಿಧಿ ಮೈಯನ್ನು ಬರೆಸಿಕೊಂಡಿದೆ, ಮುಖವಿನ್ನೂ ನನ್ನ ಕೈಯಲ್ಲಿದೆ, ಅದನ್ನು ಕೊಡದಿದ್ದರೆ ಸಾವಾದರೂ ಯಾರನ್ನು ಗುರುತಿಸೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮನೆಗೆ ಬಂದ.

ಆ ವಾರವೇ ಒಂದು ಸಂಜೆ ತುರುಗಳ್ಳರು ಊರ ದನಗಳ ಮೇಲೆ ಬಿದ್ದರು. ಈಟಿ ಹಿಡಿದು ಹೊರಟ ಅಳಿಯನಿಗೆ ಮುದುಕ ಬಾಗಿಲಲ್ಲಿ ಕೈ ಅಡ್ಡ ಹಿಡಿದು, ಕಲ್ಲಿನ ಸಂಗತಿಯನ್ನೆಲ್ಲ ಹೇಳಿದ.

"ಇವತ್ತೊಂದಿನ ಒಳಗಿರಪ್ಪ. ನಾನು ಮುಖ ಕಡದಿಲ್ಲ. ನಿಂಗೇನೂ ಆಗಲ್ಲ."

"ಏನೂ ಆಗಲ್ಲ ಅಂದ್ಮೇಲೆ ದಾರಿ ಬಿಡಿ ಮಾವ," ಎಂದು ಕೇತ ನಕ್ಕ. ಮುದುಕ ಕದಲಲಿಲ್ಲ. ಕೇತನ ನಗೆ ಆರಿತು. "ಕಡೆಯೋದು ಬಿಡೋದು ನಿಮ್ಮ ಕೈಲಿತ್ತು, ಬಿಟ್ರಿ. ಹೋಗೋದು ಬಿಡೋದು ನನ್ನ ಕೈಲೈತೆ. ಅದನ್ನೂ ಕಿತ್ಕೊಂಡ್ರೆ ನಾನೂ ನಿಮ್ಮ ಕಲ್ಲೇ ಅಲ್ವಾ?"

ಬೈಚೋಜ ಕೈ ತೆಗೆದ. ತೆಗೆದದ್ದು ತಾನೋ, ಕೈ ತಾನಾಗಿ ಸರಿಯಿತೋ, ಸಾಯುವವರೆಗೂ ಅವನಿಗೆ ಬಗೆಹರಿಯಲಿಲ್ಲ.

ಬೆಳಗಾಗುವಾಗ ದನಗಳೆಲ್ಲ ಗಂಟೆಯಾಡಿಸುತ್ತ ತಾವಾಗಿ ಹಿಂದಿರುಗಿದವು. ಹಿಂದೆ ಯಾರೂ ಇರಲಿಲ್ಲ. ಹಳ್ಳದ ದಡದಲ್ಲಿ ಈಟಿ ಸಿಕ್ಕಿತು, ಹೆಣ ಸಿಗಲಿಲ್ಲ. ವರ್ಷ ಕಳೆದ ಮೇಲೆ ಹಿರಿಯರು, ಊರ ದನ ಉಳಿಸಿದವನ ಕಲ್ಲು ಹೀಗೆ ನಿಲ್ಲಬಾರದು, ಮುಖ ಕಡೆ ಎಂದು ಬೈಚೋಜನನ್ನು ಬೋರೆ ಹತ್ತಿಸಿದರು. ಅವನು ಉಳಿ ಎತ್ತಿದ. ಒಪ್ಪಿಗೆ ಕೊಡಬೇಕಾದ ಸೋವಬ್ಬೆ ತನ್ನ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದು ಕಲ್ಲಿಗೂ ಉಳಿಗೂ ನಡುವೆ ನಿಂತಳು.

"ಕಡದ್ರೆ ಅವರನ್ನ ಕೊಂದೋರು ನೀವು. ಕಡೀದಿದ್ರೆ ಕಾಯೋಳು ನಾನು. ಕಾಯ್ತೀನಿ, ಬಿಡಿ ಅಪ್ಪ."

ಅವಳು ಕೊನೆಯವರೆಗೂ ಕುಂಕುಮ ಅಳಿಸಲಿಲ್ಲ. ಮುತ್ತೈದೆಯರು ಅವಳನ್ನು ಕರೆಯಲಿಲ್ಲ, ವಿಧವೆಯರೂ ತಮ್ಮವಳೆನ್ನಲಿಲ್ಲ. ಬೈಚೋಜ ಮತ್ತೆ ಉಳಿ ಮುಟ್ಟಲಿಲ್ಲ. ಆದರೂ ಸಂಜೆಯಾದರೆ ಆ ಕಲ್ಲಿನ ಮುಂದೆ ಕೂತು, ತನ್ನ ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡಿರುತ್ತಿದ್ದನಂತೆ. ಬಿಟ್ಟರೆ ಬೆರಳುಗಳು ಗಾಳಿಯಲ್ಲೇ ಕಡೆಯುತ್ತಿದ್ದವು ಎನ್ನುತ್ತಾರೆ. ಪಾಪದ ಮುದುಕ.

ಇಂದಿಗೂ ಹೊತ್ತು ಇಳಿಯುವಾಗ ಬಿಸಿಲು ಓರೆಯಾಗಿ ಬಿದ್ದರೆ ಆ ಬರಿಗಲ್ಲಿನ ತಗ್ಗುದಿಣ್ಣೆಗಳಲ್ಲಿ ಒಂದು ಮುಖ ಮೂಡುತ್ತದೆ. ಎಲ್ಲರಿಗೂ ಒಂದೇ ಮುಖವಲ್ಲ, ಅವರವರಿಗೆ ಅವರವರ ಮನೆಯವರದು. ಗಂಡನೋ ಮಗನೋ ದೂರ ಹೋಗಿರುವ ಹೆಂಗಸರು ಆ ಹೊತ್ತಿಗೆ ಅಲ್ಲಿ ನಿಲ್ಲುವುದಿಲ್ಲ. ನಿಂತರೂ ಕಣ್ಣು ಮುಚ್ಚಿಕೊಂಡೇ ಕಲ್ಲಿಗೆ ಕುಂಕುಮ ಬಳಿದು ಬರುತ್ತಾರೆ. ಹೊರಗಿನವರು ಬಂದರೆ ಆಡು ಕಾಯುವ ಚೆನ್ನಜ್ಜ ಅರ್ಧ ದಾರಿಯವರೆಗೆ ಜೊತೆಗೆ ಬಂದು ನಿಂತುಬಿಡುತ್ತಾನೆ. "ಮೇಲೈತೆ, ಹೋಗಿ. ನೋಡೋದು ಬಿಡೋದು ನಿಮ್ಮ ಕೈಲೈತೆ," ಎನ್ನುತ್ತಾನೆ. ಅವರಲ್ಲಿ ನೋಡದೆ ಇಳಿದು ಬಂದವರನ್ನು ಅವನು ಇದುವರೆಗೆ ಕಂಡಿಲ್ಲವಂತೆ.